ಕಂಪೈಲರ್ ಆರಿಸುವಾಗ ವೇಗದ ಪ್ರಶ್ನೆ ಕೊನೆಗಿರಲಿ

ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆಯಲು ಹೊರಟವರು ಮೊದಲು ಕೇಳುವುದು ಒಂದೇ: ಯಾವ ಕಂಪೈಲರ್‌ನಲ್ಲಿ ಮಾಡಿದ ಪ್ರೋಗ್ರಾಂ ಜಾಸ್ತಿ ಜೋರಾಗಿ ಓಡುತ್ತದೆ? ಕಂಪೈಲರ್ ಅಂದರೆ ನಾವು ಬರೆದ ಕೋಡನ್ನು ಕಂಪ್ಯೂಟರ್ ಓಡಿಸಬಲ್ಲ ಪ್ರೋಗ್ರಾಂ ಆಗಿಸುವ ಸಲಕರಣೆ. ನನ್ನ ಲೆಕ್ಕದಲ್ಲಿ ಈ ವೇಗದ ಪ್ರಶ್ನೆ ಕೊನೆಗೆ ಕೇಳಬೇಕಾದದ್ದು. ಬಟನ್ ಒತ್ತುವುದನ್ನೇ ಕಾಯುತ್ತ ಕೂರುವ ಪ್ರೋಗ್ರಾಂಗೆ ಆ ಸಣ್ಣ ವ್ಯತ್ಯಾಸದಿಂದ ಏನಾಗಬೇಕು, ಅಲ್ವಾ?

ಸಿ ಮತ್ತು ಸಿ ಪ್ಲಸ್ ಪ್ಲಸ್ ಬರೆಯುವವರ ಮುಂದೆ ಮುಖ್ಯವಾಗಿ ಮೂರು ಹೆಸರುಗಳಿವೆ. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಹೊರತಂದ ಜಿಸಿಸಿ. ವಿಂಡೋಸ್ ಮಾಡುವ ಮೈಕ್ರೋಸಾಫ್ಟ್‌ನದೇ ಆದ ಎಂಎಸ್‌ವಿಸಿ. ಇನ್ನೊಂದು ಕ್ಲ್ಯಾಂಗ್. ಇದರ ಅಡಿಪಾಯ ಎಲ್‌ಎಲ್‌ವಿಎಂ, 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಕೆಲಸ. ಮ್ಯಾಕ್‌ನಲ್ಲಿ ಆಯ್ಕೆಯ ತಲೆನೋವು ಕಡಿಮೆ, ಆಪಲ್ ಕೊಡುವುದೇ ಕ್ಲ್ಯಾಂಗ್. ಲಿನಕ್ಸ್‌ನಲ್ಲಿ ಜಿಸಿಸಿ, ಕ್ಲ್ಯಾಂಗ್ ಎರಡೂ ಹೊಂದಿಕೊಂಡು ಹೋಗುತ್ತವೆ. ಗೋಜಲು ಇರುವುದು ವಿಂಡೋಸ್‌ನಲ್ಲಿ.

ಅಲ್ಲಿ ಆಗುವುದು ಇಷ್ಟು. ಬೇರೆಯವರು ಎಂಎಸ್‌ವಿಸಿಯಲ್ಲಿ ಕಟ್ಟಿದ ಒಂದು ಸಿ ಪ್ಲಸ್ ಪ್ಲಸ್ ಲೈಬ್ರರಿ, ಅಂದರೆ ಸಿದ್ಧ ಫಂಕ್ಷನ್‌ಗಳ ಕಟ್ಟು, ನಿಮ್ಮ ಕೈಗೆ ಬರುತ್ತದೆ. ನೀವು ಬಳಸುತ್ತಿರುವುದು ಮಿಂಗ್‌ಡಬ್ಲ್ಯೂ, ಅಂದರೆ ವಿಂಡೋಸ್‌ಗೆ ತಂದ ಜಿಸಿಸಿ. ಅದನ್ನು ನಿಮ್ಮ ಕೋಡಿಗೆ ಜೋಡಿಸಲು, ಅಂದರೆ ಲಿಂಕ್ ಮಾಡಲು ಹೋದರೆ, ಆ ಕೆಲಸ ಮಾಡುವ ಲಿಂಕರ್ 'ಈ ಹೆಸರಿನ ಫಂಕ್ಷನ್ ಇಲ್ಲ' ಅನ್ನುತ್ತದೆ. ಫಂಕ್ಷನ್ ಇದೆ, ಆದರೆ ಲಿಂಕರ್ ಹುಡುಕುತ್ತಿರುವ ಹೆಸರೇ ಬೇರೆ! ಒಂದೇ ಹೆಸರಿನ ಹಲವು ಫಂಕ್ಷನ್‌ಗಳನ್ನು ಗುರುತಿಸಲು ಕಂಪೈಲರ್ ಆ ಹೆಸರಿಗೆ ಬಾಲ, ಕೊಂಬು ಅಂಟಿಸುತ್ತದೆ. ಜಿಸಿಸಿ ಅಂಟಿಸಿದ ಹೆಸರು ಅಂಡರ್‌ಸ್ಕೋರ್ ಮತ್ತು ಝಡ್‌ನಿಂದ ಶುರುವಾದರೆ, ಎಂಎಸ್‌ವಿಸಿಯದು ಪ್ರಶ್ನಾರ್ಥಕ ಚಿಹ್ನೆಯಿಂದ. ಎಕ್ಸೆಪ್ಶನ್ (ಓಡುವಾಗ ಏನೋ ತಪ್ಪಾಯಿತು ಅನ್ನುವ ಸೂಚನೆ) ಎಸೆಯುವ ರೀತಿ, ಕ್ಲಾಸ್‌ಗಳನ್ನು ಮೆಮೊರಿಯಲ್ಲಿ ಜೋಡಿಸುವ ರೀತಿಯೂ ಬೇರೆ ಬೇರೆ. ಈ ಒಪ್ಪಂದಗಳನ್ನೆಲ್ಲ ಸೇರಿಸಿ ಎಬಿಐ ಅನ್ನುತ್ತಾರೆ.

ಲಿಂಕ್ ಆಗದೆ ನಿಂತರೆ ಅದು ಪುಣ್ಯ. ಲಿಂಕ್ ಆಗಿ ಆಮೇಲೆ ಕೈಕೊಡುವುದು ಇನ್ನೂ ಕಷ್ಟ. 'ಲಾಂಗ್ ಡಬಲ್' ಅನ್ನುವ ಸಂಖ್ಯೆ ಮಿಂಗ್‌ಡಬ್ಲ್ಯೂನಲ್ಲಿ 80 ಬಿಟ್, ಎಂಎಸ್‌ವಿಸಿಯಲ್ಲಿ 64 ಬಿಟ್. ಇಲ್ಲಿಂದ ಅಲ್ಲಿಗೆ ಕಳಿಸಿದರೆ ತಲುಪುವುದು ಕಸ. ಒಂದು ಡಿಎಲ್‌ಎಲ್ (ಪ್ರೋಗ್ರಾಂ ಓಡುವಾಗ ಸೇರಿಕೊಳ್ಳುವ ಲೈಬ್ರರಿ ಫೈಲ್) ಪಡೆದ ಮೆಮೊರಿಯನ್ನು ಬೇರೆ ರನ್‌ಟೈಮ್ (ಮೆಮೊರಿಯಂಥ ಮೂಲ ಕೆಲಸ ನೋಡಿಕೊಳ್ಳುವ, ಕಂಪೈಲರ್‌ಗೆ ಸೇರಿದ ಕೋಡ್) ಬಳಸುವ ಇನ್ನೊಂದು ಡಿಎಲ್‌ಎಲ್ ಬಿಡುಗಡೆ ಮಾಡಿದರೆ ಪ್ರೋಗ್ರಾಂ ಯಾವಾಗಲೋ, ಎಲ್ಲೋ ಕುಸಿಯುತ್ತದೆ. ಹುಡುಕುತ್ತ ಕೂತರೆ ದಿನಗಳೇ ಹೋಗುತ್ತವೆ. ಹಾಗಾಗಿ ಎರಡು ಕಂಪೈಲರ್‌ಗಳ ನಡುವೆ ಮಾತುಕತೆ ಬೇಕೇ ಬೇಕು ಅಂದರೆ ಗಡಿಯಲ್ಲಿ ಬರೀ ಸಿ ಫಂಕ್ಷನ್‌ಗಳನ್ನು ಇಡುವುದು ಹಳೆಯ ರೂಢಿ. ಯಾರು ಮೆಮೊರಿ ಪಡೆದರೋ ಅವರೇ ಬಿಡುವುದು ಕೂಡ.

ಆದ್ದರಿಂದ ಮೊದಲು ನೋಡಬೇಕಾದದ್ದು ನಿಮಗೆ ಬೇಕಾದ ಲೈಬ್ರರಿಗಳು ಯಾವ ಕಂಪೈಲರ್‌ನಲ್ಲಿ ಸಿದ್ಧವಾಗಿ ಸಿಗುತ್ತವೆ ಅನ್ನುವುದನ್ನು. ಆಮೇಲೆ ಡೀಬಗರ್, ಅಂದರೆ ತಪ್ಪು ಹುಡುಕುವ ಸಲಕರಣೆ: ಅದಕ್ಕೆ ಬೇಕಾದ ಮಾಹಿತಿಯನ್ನು ವಿಂಡೋಸ್‌ನ ಸಲಕರಣೆಗಳು ಓದುವುದು ಪಿಡಿಬಿ ಫೈಲ್‌ನಲ್ಲಿ, ಜಿಸಿಸಿ ಸಾಮಾನ್ಯವಾಗಿ ಬರೆಯುವುದು ಡ್ವಾರ್ಫ್ ಅನ್ನುವ ಬೇರೆ ರೂಪದಲ್ಲಿ. ಬಳಕೆದಾರರ ಕಂಪ್ಯೂಟರ್‌ಗೆ ಯಾವ ರನ್‌ಟೈಮ್ ಜೊತೆಗೆ ಕಳಿಸಬೇಕು ಅನ್ನುವುದೂ ಇದೇ ಸಾಲಿನಲ್ಲಿ ಬರುತ್ತದೆ.

ಕ್ಲ್ಯಾಂಗ್ ಇಲ್ಲಿ ಒಂದು ಜಾಣತನ ಮಾಡಿದೆ. ಕ್ಲ್ಯಾಂಗ್-ಸಿಎಲ್ ಅನ್ನುವ ಅದರ ರೂಪ ಎಂಎಸ್‌ವಿಸಿಯ ಆಯ್ಕೆಗಳನ್ನೇ ಒಪ್ಪುತ್ತದೆ, ಅದರ ಎಬಿಐಯನ್ನೇ ಪಾಲಿಸುತ್ತದೆ, ಪಿಡಿಬಿಯನ್ನೂ ಬರೆಯುತ್ತದೆ. ವಿಂಡೋಸ್‌ನ ಕ್ರೋಮ್ ಬ್ರೌಸರ್ 2018ರಲ್ಲಿ ಕ್ಲ್ಯಾಂಗ್‌ಗೆ ಬದಲಾಯಿತು.

ಒಂದನ್ನು ಆರಿಸಿದ ಮೇಲೂ ಇನ್ನೊಂದನ್ನು ಬಿಡಬೇಡಿ ಅನ್ನುತ್ತೇನೆ. ಋಣ ಸಂಖ್ಯೆಗಳನ್ನೂ ಹಿಡಿಯುವ 32 ಬಿಟ್‌ನ ಪೂರ್ಣಾಂಕ 2147483647 ದಾಟಿದರೆ ಏನಾಗಬೇಕು ಅಂತ ಸಿ ಭಾಷೆ ಹೇಳುವುದೇ ಇಲ್ಲ. 'ಒಂದು ಕೂಡಿಸಿದಾಗ ಸಂಖ್ಯೆ ಚಿಕ್ಕದಾಯಿತೇ?' ಅಂತ ನೀವು ಬರೆದ ಪರೀಕ್ಷೆಯನ್ನು ಆಪ್ಟಿಮೈಸರ್ (ಕೋಡನ್ನು ಚುರುಕುಗೊಳಿಸುವ ಕಂಪೈಲರ್‌ನ ಭಾಗ) 'ಆಗಲು ಸಾಧ್ಯವಿಲ್ಲ' ಅಂದುಕೊಂಡು ಸುಮ್ನೆ ಅಳಿಸಿ ಹಾಕಬಹುದು. ಒಂದು ಕಂಪೈಲರ್ ಅಳಿಸಿದ್ದನ್ನು ಇನ್ನೊಂದು ಉಳಿಸಿಕೊಂಡಿರಬಹುದು. ಎರಡರಲ್ಲೂ ಕಟ್ಟಿ, ಎಚ್ಚರಿಕೆಗಳನ್ನೆಲ್ಲ ಆನ್ ಮಾಡಿ, ಒಂದೇ ಪರೀಕ್ಷೆಗಳನ್ನು ಓಡಿಸಿದರೆ ಇಂಥ ತಪ್ಪು ಬಳಕೆದಾರರಿಗಿಂತ ಮೊದಲು ನಿಮ್ಮ ಕಣ್ಣಿಗೇ ಬೀಳುವ ಸಂಭವ ಜಾಸ್ತಿ.