ಕಂಬಳದ ಓಟಗಾರ ಯಾರ ಬಳಿ ದೂರು ಹೇಳಬೇಕು?

ನವೆಂಬರ್ ಬಂತೆಂದರೆ ದಕ್ಷಿಣ ಕನ್ನಡ, ಉಡುಪಿಯಲ್ಲಿ ಕಂಬಳದ ಮಾತು ಶುರು. ಜೊತೆಗೆ ತಕರಾರಿನ ಮಾತೂ ಶುರು. ಕೋಣ ಬಿಡಲು ತಡ ಮಾಡಿದವರು ಯಾರು, ಬೆತ್ತ ಎಷ್ಟು ಬೀಸಬಹುದು, ಓಟದ ಸಮಯ ಸರಿಯಾಗಿ ದಾಖಲಾಯಿತೇ, ಒಬ್ಬ ಓಟಗಾರ ಎಷ್ಟು ಜೋಡಿ ಓಡಿಸಬಹುದು... ಹೊರಗಿನವರಿಗೆ ಇದೆಲ್ಲ ಒಂದೇ ಗಲಾಟೆಯ ಹಾಗೆ ಕೇಳುತ್ತದೆ. ನಿಜಕ್ಕೂ ಇಲ್ಲಿ ಎರಡು ಬೇರೆ ಪ್ರಶ್ನೆಗಳಿವೆ. ಶಿಸ್ತು ಕಾಪಾಡುವವರು ಯಾರು? ಓಡುವವನ ಪರ ಮಾತಾಡುವವರು ಯಾರು?

ಹಿಂದೆ ಈ ಪ್ರಶ್ನೆಗಳೇ ಇರಲಿಲ್ಲ. ಬೇಸಾಯದ ಮನೆಗಳ, ದೈವದ ಕಟ್ಟುಕಟ್ಟಳೆಯ ಕಂಬಳದಲ್ಲಿ ಗುತ್ತಿನ, ಅಂದರೆ ಊರಿನ ದೊಡ್ಡ ಮನೆತನದ, ಯಜಮಾನರ ಮಾತೇ ಕೊನೆ. ಆಮೇಲೆ ಜೋಡುಕರೆ, ಅಂದರೆ ಅಕ್ಕಪಕ್ಕ ಎರಡು ಕರೆಗಳ (ಕೆಸರು ಓಟದ ದಾರಿಗಳ) ಕಂಬಳ ಬಂತು, ಹೊನಲು ಬೆಳಕು ಬಂತು, ಬಹುಮಾನಕ್ಕೆ ಚಿನ್ನದ ಪವನ್ ಬಂತು. ಊರೂರಿನ ಕಂಬಳಗಳಿಗೆ ಒಂದೇ ನಿಯಮ ಬೇಕಾದಾಗ ಜಿಲ್ಲಾ ಕಂಬಳ ಸಮಿತಿ ಮುಂದೆ ಬಂತು. ದಿನ ಗೊತ್ತು ಮಾಡುವುದು, ತೀರ್ಪುಗಾರರನ್ನು ಕಳಿಸುವುದು, ಜಗಳ ಬಿಡಿಸುವುದು ಎಲ್ಲ ಸಮಿತಿಯ ಹೆಗಲಿಗೇ ಬಿತ್ತು.

ಜಗಳ ಹುಟ್ಟುವುದು ಹೆಚ್ಚಾಗಿ ಗಂತಿನಲ್ಲಿ, ಅಂದರೆ ಓಟ ಶುರುವಾಗುವ ಜಾಗದಲ್ಲಿ. ಒಂದು ಕರೆಯ ಜೋಡಿ ನೆಟ್ಟಗೆ ನಿಂತಿರುತ್ತದೆ. ಪಕ್ಕದ ಕರೆಯ ಕೋಣ ಕತ್ತು ತಿರುಗಿಸುತ್ತದೆ, ಹಿಂದೆ ಸರಿಯುತ್ತದೆ. ನಾಲ್ಕೈದು ಜನ ಹಿಡಿದೆಳೆದರೂ ಸಾಲಿಗೆ ಬರುವುದಿಲ್ಲ. ಹಗ್ಗ ಹಿಡಿದ ಓಟಗಾರ ಕೆಸರು ನೀರಿನಲ್ಲಿ ಕಾಯುತ್ತಲೇ ಇರುತ್ತಾನೆ. ಬೇಕಂತಲೇ ತಡ ಮಾಡುತ್ತಿದ್ದಾರೆ ಅಂತ ಒಬ್ಬರು, ಕೋಣವೇ ಒಪ್ಪುತ್ತಿಲ್ಲ ಅಂತ ಇನ್ನೊಬ್ಬರು. ಹೀಗೆ ಒಂದೊಂದು ಓಟಕ್ಕೂ ಸಮಯ ಹೋಗಿ, ಬೆಳಿಗ್ಗೆ ಶುರುವಾದ ಕಂಬಳ ಮರುದಿನ ಬಿಸಿಲೇರಿದರೂ ಮುಗಿಯುವುದಿಲ್ಲ. ಕಾದು ಕಾದು ಸುಸ್ತಾಗುವುದು ಕೋಣ ಮತ್ತು ಓಟಗಾರ. ಗುರಿ ಮುಟ್ಟುವ ಮಂಜೊಟ್ಟಿಯಲ್ಲಿ ಯಾರು ಮೊದಲು ಅನ್ನುವ ಜಗಳ ಲೇಸರ್ ಬಂದ ಮೇಲೆ ಬಹಳ ಕಡಿಮೆಯಾಯಿತು. ಗಂತಿನ ಜಗಳ ಬರೀ ಯಂತ್ರದಿಂದ ಮುಗಿಯುವಂಥದ್ದಲ್ಲ. ಅಲ್ಲಿ ಮನುಷ್ಯರೇ ಗಟ್ಟಿಯಾಗಿ ನಿಲ್ಲಬೇಕು.

ದೊಡ್ಡ ಪೆಟ್ಟು ಬಿದ್ದದ್ದು ಹೊರಗಿನಿಂದ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟವನ್ನು ನಿಷೇಧಿಸಿತು. ಅದರ ಬಿಸಿ ಕಂಬಳಕ್ಕೂ ತಟ್ಟಿತು. 2016ರ ನವೆಂಬರಿನಲ್ಲಿ ರಾಜ್ಯ ಹೈಕೋರ್ಟ್ ಕಂಬಳಕ್ಕೆ ಮಧ್ಯಂತರ ತಡೆ ಕೊಟ್ಟಿತು. 2017ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಜುಲೈನಲ್ಲಿ ಕಂಬಳಕ್ಕೆ ಅವಕಾಶ ಕೊಡುವ ಸುಗ್ರೀವಾಜ್ಞೆ ಬಂತು, 2018ರಲ್ಲಿ ತಿದ್ದುಪಡಿ ಕಾನೂನಿಗೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ಕಾನೂನನ್ನು ಎತ್ತಿಹಿಡಿಯಿತು. ಅದೇ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕೋಣಗಳು ಓಡಿದವು.

ಈ ಹೋರಾಟದಿಂದ ಒಂದು ಒಳ್ಳೆಯದಾಯಿತು. ಕೋಣಕ್ಕೆ ವಿನಾಕಾರಣ ನೋವು ಕೊಡಬಾರದು ಅನ್ನುವ ಷರತ್ತು ಬರಹಕ್ಕೆ ಬಂತು. ಬೆತ್ತದ ಪೆಟ್ಟನ್ನು ಯಾರೋ ನೋಡುತ್ತಿದ್ದಾರೆ ಅನ್ನುವ ಎಚ್ಚರ ಕರೆಯಲ್ಲಿ ಬಂತು. ಅದು ಬರಲೇಬೇಕಿತ್ತು. ಆದರೆ ಅಷ್ಟು ವರ್ಷದ ವಾದದಲ್ಲಿ ಕೋಣದ ಹಿಂದೆ ಓಡುವವನು ಕಾಣಿಸಿದ್ದು ಪೆಟ್ಟು ಕೊಡುವವನಾಗಿ ಮಾತ್ರ. ಅವನ ಕಾಲು, ಅವನ ಕೂಲಿ, ಅವನ ಮಾತು ಯಾರ ಅರ್ಜಿಯಲ್ಲೂ ಮುಖ್ಯ ವಿಷಯ ಆಗಲಿಲ್ಲ.

2020ರ ಫೆಬ್ರವರಿಯಲ್ಲಿ ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ಐಕಳ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. 100 ಮೀಟರಿಗೆ ಲೆಕ್ಕ ಹಾಕಿದರೆ 9.55 ಸೆಕೆಂಡು. ಉಸೇನ್ ಬೋಲ್ಟ್ ಹೆಸರಿನ ಜೊತೆ ಅವರ ಹೆಸರು ದೇಶವೆಲ್ಲ ಓಡಾಡಿತು. ಕೋಣ ಎಳೆದುಕೊಂಡು ಹೋಗುವ ಓಟವನ್ನು ಟ್ರ್ಯಾಕಿನ ಓಟಕ್ಕೆ ಹೋಲಿಸಲು ಬರುವುದಿಲ್ಲ, ಅದು ಬೇರೆಯೇ ವಿದ್ಯೆ. ನನಗೆ ಮುಖ್ಯ ಅನಿಸಿದ್ದು ಇನ್ನೊಂದು ಸಂಗತಿ. ಇಡೀ ದೇಶ ಕೊಂಡಾಡಿದ ಆ ಓಟಗಾರ ಕಟ್ಟಡ ಕೆಲಸದ ಕಾರ್ಮಿಕ. ಕಂಬಳದ ಅಗ್ರ ಓಟಗಾರನೂ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಬೇಕಿತ್ತು.

ಯಾಕೆಂದರೆ ಪವನ್ ಹೋಗುವುದು ಕೋಣದ ಯಜಮಾನರ ಮನೆಗೆ. ಓಟಗಾರನಿಗೆ ಸಿಗುವುದು ಯಜಮಾನರು ಮಾತು ಕೊಟ್ಟಷ್ಟು. ಹೆಚ್ಚಿನ ಯಜಮಾನರು ಧಾರಾಳಿಗಳೇ, ಓಟಗಾರನನ್ನು ಮನೆ ಮಗನಂತೆ ನೋಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮಾತು ಮಾತಿನಲ್ಲೇ ಉಳಿದರೆ, ಕಾಲು ಮುರಿದ ವರ್ಷ ಕೇಳುವುದು ಯಾರನ್ನು? 2022ರಲ್ಲಿ ಓಟದ ದಾಖಲೆಗಳೇ ಸುಳ್ಳು ಅನ್ನುವ ಆರೋಪ ಬಂದು ವಿಷಯ ಪೊಲೀಸರವರೆಗೂ ಹೋಯಿತು. ಸರಿ ತಪ್ಪು ಏನೇ ಇರಲಿ, ಅಂಥ ದೂರನ್ನು ಕ್ರೀಡೆಯ ಒಳಗೇ ಕೂತು, ಎರಡೂ ಕಡೆಯವರನ್ನು ಕೇಳಿ ಮುಗಿಸುವ ಜಾಗ ಇರಬೇಕಿತ್ತು, ಅಲ್ವಾ?

ಈ ತೊಡಕು ನಮಗೆ ಮಾತ್ರ ಬಂದದ್ದಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ 1919ರಲ್ಲಿ ಆಟಗಾರರು ದುಡ್ಡಿಗಾಗಿ ಬೇಕಂತಲೇ ಸೋತರು ಅನ್ನುವ ಹಗರಣದ ನಂತರ, 1920ರಲ್ಲಿ, ತಂಡಗಳ ಮಾಲೀಕರು ಕೆನೆಸಾ ಲ್ಯಾಂಡಿಸ್ ಎಂಬ ನ್ಯಾಯಾಧೀಶರನ್ನು ಕಮಿಷನರ್ ಮಾಡಿ ಪೂರ್ತಿ ಅಧಿಕಾರ ಕೊಟ್ಟರು. ಮರುವರ್ಷ ಆ ಹಗರಣದ ಎಂಟು ಆಟಗಾರರಿಗೆ ಅವರು ಆಜೀವ ನಿಷೇಧ ಹಾಕಿದರು. ಅದಕ್ಕೆ ಸ್ವಲ್ಪವೇ ಮುಂಚೆ ಕೋರ್ಟಿನ ಜ್ಯೂರಿ ಆರೋಪಿಗಳನ್ನು ಬಿಡುಗಡೆ ಮಾಡಿತ್ತು. ಆಟದ ಮರ್ಯಾದೆ ಉಳಿಯಿತು, ನಿಜ. ಆದರೆ ಆಟಗಾರನಿಗೆ ಮೇಲ್ಮನವಿಯ ಬಾಗಿಲು ಇರಲಿಲ್ಲ. 1966ರಲ್ಲಿ ಮಾರ್ವಿನ್ ಮಿಲ್ಲರ್ ಆಟಗಾರರ ಸಂಘದ ಚುಕ್ಕಾಣಿ ಹಿಡಿದರು. 1968ರಲ್ಲಿ ಮೊದಲ ಸಾಮೂಹಿಕ ಒಪ್ಪಂದ ಆಯಿತು. 1970ರಲ್ಲಿ ದೂರು ಕೇಳಲು ಹೊರಗಿನ ಮಧ್ಯಸ್ಥರು ಬಂದರು. ಕಮಿಷನರ್ ಹುದ್ದೆ ಹೋಗಲಿಲ್ಲ, ಆಟವೂ ನಿಲ್ಲಲಿಲ್ಲ.

ಕಂಬಳಕ್ಕೆ ಆ ಮಾದರಿಯನ್ನು ಇದ್ದ ಹಾಗೆ ತರಬೇಕಿಲ್ಲ. ಇಲ್ಲಿ ಯಜಮಾನರು ಲಾಭಕ್ಕೆ ಕೋಣ ಸಾಕುವುದಿಲ್ಲ, ಕೈಯಿಂದಲೇ ಖರ್ಚು ಮಾಡುತ್ತಾರೆ. ಸಮಿತಿಯಲ್ಲಿ ದುಡಿಯುವವರೂ ನಿದ್ದೆಗೆಟ್ಟು ಊರ ಪ್ರೀತಿಗೆ ದುಡಿಯುತ್ತಾರೆ. ಆದರೆ ನಿಯಮ ಮಾಡುವುದು, ವಿಚಾರಣೆ ಮಾಡುವುದು, ಶಿಕ್ಷೆ ಕೊಡುವುದು ಎಲ್ಲ ಒಂದೇ ಕಡೆ ಸೇರಿದರೆ, ನ್ಯಾಯವಾಗಿ ಕೊಟ್ಟ ತೀರ್ಪಿನ ಮೇಲೂ ಜನಕ್ಕೆ ಸಂಶಯ ಬರುತ್ತದೆ. ವಿಚಾರಣೆಗೆ ಕೂರುವಲ್ಲಿ ಇಬ್ಬರು ಹಳೆಯ ಓಟಗಾರರಿರಲಿ. ಯಾವ ಕೋಣವನ್ನೂ ಕಟ್ಟದ ಒಬ್ಬರು ಹೊರಗಿನವರೂ ಇರಲಿ. ಕೋಣಗಳ ಹೆಸರು ನೋಂದಾಯಿಸುವಾಗ ಅದೇ ಹಾಳೆಯಲ್ಲಿ ಓಟಗಾರನ ಹೆಸರು, ಅವನಿಗೆ ಒಪ್ಪಿದ ಮೊತ್ತ, ಗಾಯವಾದರೆ ಖರ್ಚು ಯಾರದ್ದು ಅನ್ನುವುದನ್ನೂ ಬರೆಸಿ ಸಹಿ ಹಾಕಿಸಬಹುದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಮುಂದಿನ ಸೀಸನ್‌ನ ಮೊದಲ ಕಂಬಳದಿಂದಲೇ ಶುರು ಮಾಡಬಹುದು.