ಮೊಟ್ಟೆಯ ಪೊರೆಯಿಂದ ಔಷಧದ ಸೀಸೆಗೆ ಬಂದ ಇಂಟರ್‌ಫೆರಾನ್

ಫ್ಲೂ ಬಂದಾಗ ಕಾಡುವ ಚಳಿಜ್ವರ, ಮೈಕೈ ನೋವು, ಸುಸ್ತು ಇವೆಲ್ಲವೂ ವೈರಸ್ಸೇ ನೇರವಾಗಿ ಕೊಡುವ ಕಾಟವಲ್ಲ. ಸೋಂಕು ತಗುಲಿದ ಜೀವಕೋಶಗಳು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸಲು ಹೊರಬಿಡುವ ಇಂಟರ್‌ಫೆರಾನ್‌ನಂಥ ಪ್ರೋಟೀನುಗಳ ಪಾಲೂ ಅದರಲ್ಲಿ ದೊಡ್ಡದು. ಇಂಟರ್‌ಫೆರಾನನ್ನು ಚುಚ್ಚುಮದ್ದಾಗಿ ಕೊಟ್ಟರೆ ವೈರಸ್ ಇಲ್ಲದೆಯೂ ಅದೇ ಜ್ವರ ಬರುತ್ತದೆ.

ಒಂದು ವೈರಸ್ ಹೊಕ್ಕ ಕೋಶದಲ್ಲಿ ಇನ್ನೊಂದು ಸುಲಭವಾಗಿ ಬೆಳೆಯದು ಎಂಬುದು ಮೊದಲೇ ತಿಳಿದಿತ್ತು, ಕಾರಣ ತಿಳಿದಿರಲಿಲ್ಲ. ಲಂಡನ್ನಿನ ಮಿಲ್ ಹಿಲ್‌ನಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನ ಜೀನ್ ಲಿಂಡೆನ್‌ಮನ್ ಮರಿಯಾಗುತ್ತಿದ್ದ ಕೋಳಿಮೊಟ್ಟೆಯೊಳಗಿನ ಪೊರೆಯ ತುಣುಕುಗಳನ್ನು, ಕಾಯಿಸಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸಿನೊಂದಿಗೆ ದ್ರವದಲ್ಲಿ ಇಟ್ಟರು. ಕೆಲವು ಗಂಟೆಗಳ ಬಳಿಕ ಆ ದ್ರವವನ್ನಷ್ಟೇ ಬಸಿದು, ಅದರಲ್ಲಿ ಹೊಸ ಪೊರೆಯನ್ನು ನೆನೆಸಿ, ಮೇಲೆ ಜೀವಂತ ವೈರಸ್ ಬಿಟ್ಟರೆ ಅದು ಬೆಳೆಯಲಿಲ್ಲ. ಕೋಶಗಳೇ ಏನನ್ನೋ ಹೊರಸೂಸಿದ್ದವು. 1957ರಲ್ಲಿ ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಜಪಾನಿನ ನಾಗಾನೊ ಮತ್ತು ಕೊಜಿಮಾ 1954ರಲ್ಲೇ ಇಂಥದ್ದೊಂದು ವಸ್ತುವನ್ನು ವರದಿ ಮಾಡಿದ್ದರೂ, ಫ್ರೆಂಚ್ ಭಾಷೆಯಲ್ಲಿದ್ದ ಆ ಬರಹ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ.

ಕೋಳಿಯ ಇಂಟರ್‌ಫೆರಾನ್ ಮನುಷ್ಯನಿಗೆ ಒಗ್ಗದು. ಹಾಗಾಗಿ ಹೆಲ್ಸಿಂಕಿಯ ಕಾರಿ ಕಾಂಟೆಲ್, ರಕ್ತದಾನಿಗಳ ರಕ್ತದಿಂದ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಅವಕ್ಕೆ ಇಲಿಗಳನ್ನು ಕಾಡುವ ಸೆಂಡಾಯ್ ವೈರಸ್ ಸೋಂಕಿಸಿ ಮಾನವ ಇಂಟರ್‌ಫೆರಾನ್ ತೆಗೆಯತೊಡಗಿದರು. ಎಷ್ಟೋ ದಾನಿಗಳ ರಕ್ತ ಬಳಸಿದರೂ ಸಿಗುತ್ತಿದ್ದುದು ಚಿಟಿಕೆಯಷ್ಟು, ಅದರಲ್ಲೂ ಅಸಲು ಇಂಟರ್‌ಫೆರಾನ್ ಶೇ. 1ಕ್ಕಿಂತ ಕಡಿಮೆ. ಈ ಅಭಾವವೇ ಅದರ ಕೀರ್ತಿಯನ್ನು ಬೆಳೆಸಿತು ಎನ್ನಬೇಕು. 1978ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಪ್ರಯೋಗಗಳಿಗಾಗಿ ಅದನ್ನು ಕೊಳ್ಳಲು 20 ಲಕ್ಷ ಡಾಲರ್ ತೆಗೆದಿರಿಸಿತು. 1980ರ ಮಾರ್ಚ್‌ನಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೂ ಅದು ಏರಿತು.

ಅದೇ ವರ್ಷದ ಜನವರಿಯಲ್ಲಿ ಜ್ಯೂರಿಕ್‌ನ ಚಾರ್ಲ್ಸ್ ವೈಸ್‌ಮನ್ ತಂಡ ಮಾನವ ಇಂಟರ್‌ಫೆರಾನಿನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿರುವುದಾಗಿ ಪ್ರಕಟಿಸಿತು. ಕ್ರಮೇಣ ಔಷಧ ಬೇಕಾದಷ್ಟು ಸಿಗುವಂತಾಯಿತು, ಕ್ಯಾನ್ಸರನ್ನು ಅದು ಗೆಲ್ಲುತ್ತದೆಂಬ ಭ್ರಮೆಯೂ ಕರಗಿತು: ಹೆಚ್ಚಿನ ಗಡ್ಡೆಗಳು ಅದಕ್ಕೆ ಜಗ್ಗಲಿಲ್ಲ. 1986ರಲ್ಲಿ ಅಮೆರಿಕದಲ್ಲಿ ಮೊದಲ ಅನುಮತಿ ದೊರೆತದ್ದು ಹೇರಿ ಸೆಲ್ ಲ್ಯುಕೇಮಿಯಾ ಎಂಬ ಅಪರೂಪದ ರಕ್ತದ ಕ್ಯಾನ್ಸರಿಗೆ. ಇಂಟರ್‌ಫೆರಾನ್ ಸುಳ್ಳಾಗಲಿಲ್ಲ, ಎಚ್ಚರಿಕೆಯ ಗಂಟೆಯನ್ನು ಆಯುಧವೆಂದು ಎಣಿಸಿದ್ದೇ ತಪ್ಪಾಗಿತ್ತು.

ಆ ಗಂಟೆಯೂ ಒಂದೇ ಬಗೆಯದಲ್ಲ, ಆಲ್ಫಾ, ಬೀಟಾ, ಗಾಮಾ ಎಂಬ ಬಗೆಗಳಿವೆ. ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಹೊದಿಕೆಯನ್ನು ಹಾಳುಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಿಗೆ ಗಾಮಾ ಇಂಟರ್‌ಫೆರಾನ್ ಕೊಟ್ಟಾಗ ಕಾಯಿಲೆ ಉಲ್ಬಣಿಸಿತು. ಬೀಟಾ ಬಗೆಯದು ಅದನ್ನು ತಗ್ಗಿಸಿ 1993ರಲ್ಲಿ ಔಷಧವಾಯಿತು. ಯಕೃತ್ತಿನ ವೈರಸ್ ಸೋಂಕಾದ ಹೆಪಟೈಟಿಸ್ ಸಿ ರೋಗಿಗಳು 24 ಅಥವಾ 48 ವಾರ ಆಲ್ಫಾ ಚುಚ್ಚುಮದ್ದು ಹಾಕಿಸಿಕೊಂಡು ಜ್ವರ, ಸುಸ್ತು, ಕೆಲವೊಮ್ಮೆ ತೀವ್ರ ಖಿನ್ನತೆಯನ್ನೂ ಸಹಿಸಬೇಕಿತ್ತು. 2013ರಲ್ಲಿ ಸೊಫೊಸ್ಬುವಿರ್ ಮಾತ್ರೆ ಬಂದ ಮೇಲೆ ಆ ಕಷ್ಟ ತಪ್ಪುತ್ತ ಬಂತು.

2021ರ ಏಪ್ರಿಲ್‌ನಲ್ಲಿ, ಕೋವಿಡ್‌ನ ಎರಡನೇ ಅಲೆಯ ನಡುವೆ, ಭಾರತದ ಔಷಧ ನಿಯಂತ್ರಕರು ಝೈಡಸ್‌ನ ವಿರಾಫಿನ್ ಎಂಬ ಆಲ್ಫಾ ಇಂಟರ್‌ಫೆರಾನಿಗೆ ತುರ್ತು ಬಳಕೆಯ ಅನುಮತಿ ಕೊಟ್ಟರು. ಅದೇ ವರ್ಷದ ಜುಲೈ ಕೊನೆಗೆ ಅಮೆರಿಕದಲ್ಲಿ, ರಕ್ಷಣಾ ವ್ಯವಸ್ಥೆ ಸ್ವಂತ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ರೋಗಕ್ಕೆ ಒಪ್ಪಿಗೆ ಪಡೆದ ಅನಿಫ್ರೊಲುಮಾಬ್‌ನ ಕೆಲಸ ತದ್ವಿರುದ್ಧ: ಇಂಟರ್‌ಫೆರಾನ್ ತಂದ ಸಂದೇಶ ಕೋಶದೊಳಗೆ ಹೋಗದಂತೆ ಅದು ಬಾಗಿಲಲ್ಲೇ ತಡೆಯುತ್ತದೆ.