ನೆಟ್ ಹೋದಾಗ ಮೊದಲು ಆ ಪುಟ್ಟ ದೀಪ ನೋಡಿ

ನೆಟ್ ಹೋಯ್ತು ಅಂದ ಕೂಡಲೇ ನಮ್ಮ ಕೈ ಹೋಗುವುದು ರೂಟರ್‌ನ ಸ್ವಿಚ್ಚಿಗೆ. ಆಫ್ ಮಾಡು, ಹತ್ತು ಎಣಿಸು, ಆನ್ ಮಾಡು. ಬರಲಿಲ್ಲವಾ? ಕಂಪ್ಯೂಟರನ್ನೂ ಆಫ್ ಮಾಡು. ಇನ್ನೂ ಇಲ್ಲವಾ? ಕೇಬಲ್ ಕಿತ್ತು, ತುದಿಗೆ ಉಫ್ ಅಂತ ಊದಿ, ಮತ್ತೆ ಸಿಕ್ಕಿಸು. ನಾನೂ ಇದನ್ನೆಲ್ಲ ಮಾಡಿದವನೇ. ಮೊನ್ನೆ ಮೇಜಿನ ಕಂಪ್ಯೂಟರಿಗೆ ನೆಟ್ ಕೈಕೊಟ್ಟಾಗ ಮೂರು ಸಲ ಈ ಪೂಜೆ ಮುಗಿಸಿದೆ. ನಾಲ್ಕನೆಯದಕ್ಕೆ ಬಗ್ಗಿದಾಗ ಕಂಪ್ಯೂಟರಿನ ಹಿಂಭಾಗಕ್ಕೆ ಕಣ್ಣು ಹೋಯಿತು. ಕೇಬಲ್ ಸಿಕ್ಕಿಸುವ ಪೋರ್ಟಿನ ಪಕ್ಕದ ಹಸಿರು ದೀಪ ಹೊತ್ತಿಕೊಂಡಿತು. ಐದಾರು ಸೆಕೆಂಡ್ ಇತ್ತು. ಆರಿತು. ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತಿಕೊಂಡಿತು.

ಎಷ್ಟು ಹೊತ್ತಿನಿಂದ ಹೀಗೆ ಆಗುತ್ತಿತ್ತೋ ಗೊತ್ತಿಲ್ಲ. ನಾನು ನೋಡಿರಲೇ ಇಲ್ಲ.

ಈ ದೀಪ ಅಂದರೆ 'ಕರೆಂಟ್ ಇದೆ' ಎಂಬ ಗುರುತು ಅಂತ ತುಂಬಾ ಜನ ತಿಳಿದಿದ್ದಾರೆ. ಇನ್ನು ಕೆಲವರಿಗೆ ಅದು 'ನೆಟ್ ಬರ್ತಿದೆ' ಎಂಬ ಗುರುತು. ಎರಡೂ ತಪ್ಪು. ಕೇಬಲ್ಲಿನ ಆ ತುದಿಯಲ್ಲಿ ಇನ್ನೊಂದು ಯಂತ್ರ ಎಚ್ಚರವಾಗಿದೆ, ಯಾವ ವೇಗದಲ್ಲಿ ಮಾತಾಡಬೇಕು ಅಂತ ಇಬ್ಬರೂ ಒಪ್ಪಿದ್ದಾರೆ. ದೀಪ ಹೇಳುವುದು ಇಷ್ಟೇ. ಆದರೆ ಈ ಒಪ್ಪಂದ ನಡೆಯುವ ರೀತಿ ಇದೆಯಲ್ಲ, ಅದನ್ನು ಹೇಳದೆ ನನಗೆ ಮುಂದೆ ಹೋಗಲು ಮನಸ್ಸಿಲ್ಲ.

ಕೇಬಲ್ ಸಿಕ್ಕಿಸಿದ ಕೂಡಲೇ ಎರಡೂ ತುದಿಯ ಯಂತ್ರಗಳು ತಂತಿಯ ಮೇಲೆ ಸಣ್ಣ ವಿದ್ಯುತ್ ಮಿಡಿತಗಳನ್ನು ಕಳಿಸತೊಡಗುತ್ತವೆ. 16 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು 60 ಸಲ. 1990ರ ಹೊತ್ತಿನ ಯಂತ್ರಗಳಲ್ಲಿ ಇದು ಬರೀ ಒಂಟಿ ಮಿಡಿತ. ಇದ್ದೀನಿ, ಇದ್ದೀನಿ, ಇದ್ದೀನಿ. ಗೋಡೆಯ ಆಚೆ ಇರುವವರು ಆಗಾಗ ಗೋಡೆ ತಟ್ಟಿದ ಹಾಗೆ. ತಟ್ಟುವ ಸದ್ದು ನಿಂತರೆ ಆ ಕಡೆ ಯಾರೂ ಇಲ್ಲ ಅಂತ ಲೆಕ್ಕ, ದೀಪ ಆರುತ್ತದೆ.

ಆಮೇಲೆ ವೇಗ ಏರಿತು. ಸೆಕೆಂಡಿಗೆ 10 ಮೆಗಾಬಿಟ್ ಹೋಗಿ 100 ಬಂತು, ಮುಂದೆ 1000 ಬಂತು. ಈಗ ಬರೀ 'ಇದ್ದೀನಿ' ಅಂದರೆ ಸಾಲದು, 'ಇಷ್ಟು ವೇಗ ನನಗೆ ಗೊತ್ತು' ಅಂತಲೂ ಹೇಳಬೇಕು. ಎಂಜಿನಿಯರುಗಳು ಏನು ಮಾಡಿದರು ನೋಡಿ. ಒಂಟಿ ಮಿಡಿತದ ಜಾಗದಲ್ಲಿ ಮಿಡಿತಗಳ ಒಂದು ಗೊಂಚಲು ಇಟ್ಟರು. ಗೊಂಚಲಿನಲ್ಲಿ 33 ಜಾಗ. ಅದರಲ್ಲಿ 17 ಕಡೆ ಮಿಡಿತ ಇರಲೇಬೇಕು. ಅವು ತಾಳ. ಅವುಗಳ ನಡುವಿನ 16 ಜಾಗಗಳಲ್ಲಿ ಮಿಡಿತ ಇದ್ದರೆ 1, ಇಲ್ಲದಿದ್ದರೆ 0. ಅಂದರೆ 16 ಬಿಟ್‌ಗಳ ಒಂದು ಚೀಟಿ. ಹಳೆಯ ಯಂತ್ರದ ಕಿವಿಗೆ ಈ ಇಡೀ ಗೊಂಚಲು ಒಂದೇ ಏಟಿನ ಹಾಗೆ ಕೇಳಿಸುತ್ತದೆ. ಓಹೋ, ಯಾರೋ ಇದ್ದಾರೆ ಅಂದುಕೊಂಡು ಅದು ತನ್ನ ಪಾಡಿಗೆ ಇರುತ್ತದೆ. ಹೊಸ ಯಂತ್ರಕ್ಕೆ ಮಾತ್ರ ಏಟಿನೊಳಗಿನ ಚೀಟಿ ಕಾಣುತ್ತದೆ. ಹಳಬರಿಗೆ ಕೆಮ್ಮು, ಗೊತ್ತಿದ್ದವರಿಗೆ ಸನ್ನೆ! ಮೂವತ್ತು ವರ್ಷ ಹಳೆಯ ಯಂತ್ರವನ್ನು ಇವತ್ತಿನದಕ್ಕೆ ಜೋಡಿಸಿದರೂ ಹೆಚ್ಚಿನ ಸಲ ದೀಪ ಹೊತ್ತುವುದು ಇದರಿಂದಲೇ.

ನನ್ನ ಮನೆಯ ಕಥೆಯ ಕೀಲಿ ಇರುವುದೂ ಇಲ್ಲೇ. ಕೇಬಲ್ಲಿನೊಳಗೆ ಎಂಟು ತಂತಿ, ಎರಡೆರಡು ಹೆಣೆದು ನಾಲ್ಕು ಜೋಡಿ. ತುದಿಯ ಪ್ಲಗ್ಗಿನಲ್ಲಿ ಒಂದೊಂದು ತಂತಿಗೂ ಒಂದೊಂದು ಪಿನ್, 1ರಿಂದ 8ರವರೆಗೆ. ಚೀಟಿ ವಿನಿಮಯ ನಡೆಯುವುದು ಎರಡೇ ಜೋಡಿಗಳ ಮೇಲೆ: ಪಿನ್ 1 ಮತ್ತು 2, ಪಿನ್ 3 ಮತ್ತು 6. 10 ಹಾಗೂ 100ರ ವೇಗಕ್ಕೆ ಇಷ್ಟೇ ಸಾಕು. 1000ಕ್ಕೆ ನಾಲ್ಕೂ ಜೋಡಿ ಬೇಕು. ಅಂದರೆ ಒಪ್ಪಂದಕ್ಕೆ ಇಬ್ಬರು, ಕೆಲಸಕ್ಕೆ ನಾಲ್ವರು. ಇಬ್ಬರು ಶ್ರುತಿ ಸೇರಿಸಿಯಾಯಿತು, ಹಾಡು ಶುರುವಾಗಬೇಕು, ಅಷ್ಟರಲ್ಲಿ ಉಳಿದವರಲ್ಲಿ ಒಬ್ಬನ ಗಂಟಲೇ ಹೊರಡುತ್ತಿಲ್ಲ. ಮತ್ತೆ ಮೊದಲಿಂದ ಶ್ರುತಿ. ಮತ್ತೆ ಹಾಡು. ಮತ್ತೆ ಗಂಟಲು.

ತಂತಿ ಪೂರ್ತಿ ತುಂಡಾಗಿದ್ದರೆ ದೀಪ ಹೊತ್ತುವುದೇ ಇಲ್ಲ. ಆದರೆ ಕೆಲವು ಜಾಣ ಯಂತ್ರಗಳು ಎರಡು ಮೂರು ಸಲ ನೋಡಿ, ಸುಮ್ನೆ 100ಕ್ಕೆ ಇಳಿದುಬಿಡುತ್ತವೆ. ಆಗ ನೆಟ್ ಇರುತ್ತದೆ, ಯಾಕೋ ನಿಧಾನ ಅಂತ ನಾವು ಗೊಣಗುತ್ತೇವೆ. ತಂತಿ ಅರೆಬರೆ ಮುರಿದು, ತುದಿಗಳು ಒಮ್ಮೆ ತಾಗಿ ಒಮ್ಮೆ ಬಿಡುತ್ತಿದ್ದರೆ ನನಗಾದ ಹಾಗೆ ಆಗುತ್ತದೆ. ದೀಪ ಹೊತ್ತುತ್ತದೆ, ಆರುತ್ತದೆ.

ಪರೀಕ್ಷೆ ಸುಲಭ. ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗಿನಲ್ಲಿ ವೇಗವನ್ನು ಕೈಯಾರೆ 100 ಮೆಗಾಬಿಟ್‌ಗೆ ಇಳಿಸಿದೆ. ದೀಪ ಹೊತ್ತಿತು, ಅಲ್ಲಾಡದೆ ನಿಂತಿತು, ನೆಟ್ ಬಂತು. 1, 2, 3, 6 ಸರಿ ಇವೆ. ಉಳಿದ ನಾಲ್ಕರಲ್ಲಿ ಯಾವುದೋ ಒಂದು ಹೋಗಿದೆ. ರೂಟರ್ ಪಾಪ, ಅದರ ತಪ್ಪೇನೂ ಇರಲಿಲ್ಲ.

ಆ ಜೋಡಿಗಳನ್ನು ಹೆಣೆದಿರುವುದು ಅಂದಕ್ಕಲ್ಲ. ಒಂದೇ ಸಿಗ್ನಲ್ಲನ್ನು ಒಂದು ತಂತಿಯಲ್ಲಿ ನೇರವಾಗಿ, ಇನ್ನೊಂದರಲ್ಲಿ ತಲೆಕೆಳಗಾಗಿ ಕಳಿಸುತ್ತಾರೆ. ಹೊರಗಿನ ಗದ್ದಲ ಎರಡರ ಮೇಲೂ ಒಂದೇ ಸಮ ಬೀಳುತ್ತದೆ. ಆ ಕಡೆ ಎರಡರ ವ್ಯತ್ಯಾಸ ತೆಗೆದರೆ ಗದ್ದಲ ಕಳೆದುಹೋಗಿ ಸಿಗ್ನಲ್ ಉಳಿಯುತ್ತದೆ. ಹೆಣೆಯುವ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಪೇಟೆಂಟ್ ಪಡೆದದ್ದು 1881ರಲ್ಲಿ, ಟೆಲಿಫೋನಿಗಾಗಿ. ಹೀಗೆ ಕೇಬಲ್ಲಿನಿಂದ ಕಂಪ್ಯೂಟರುಗಳನ್ನು ಜೋಡಿಸುವ ಪದ್ಧತಿಗೆ 'ಈಥರ್ನೆಟ್' ಅಂತ ಹೆಸರು, ಆ ಹೆಸರಿನ ಕಥೆ ಇನ್ನೂ ಮಜವಾಗಿದೆ. ಬೆಳಕು ಸಾಗಲು ಈಥರ್ ಎಂಬ ವಸ್ತು ಎಲ್ಲೆಲ್ಲೂ ತುಂಬಿರಬೇಕು ಅಂತ 19ನೇ ಶತಮಾನದ ವಿಜ್ಞಾನಿಗಳು ನಂಬಿದ್ದರು. 1887ರಲ್ಲಿ ಮೈಕೆಲ್ಸನ್ ಮತ್ತು ಮೋರ್ಲಿ ಹುಡುಕಿ ನೋಡಿದರು, ಅದರ ಸುಳಿವೇ ಸಿಗಲಿಲ್ಲ. 1973ರಲ್ಲಿ ಝೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಟ್ಕಾಫ್ ತನ್ನ ಹೊಸ ಜಾಲಕ್ಕೆ ಹೆಸರು ಹುಡುಕುವಾಗ ಆ ಸತ್ತ ಪದವನ್ನೇ ಎತ್ತಿಕೊಂಡರು. ಎಲ್ಲ ಕಂಪ್ಯೂಟರುಗಳ ನಡುವೆ ಹರಡಿರುವ ಕೇಬಲ್ಲೇ ಈಥರ್! ಡೇವಿಡ್ ಬಾಗ್ಸ್ ಜೊತೆ ಸೇರಿ ಕಟ್ಟಿದ ಆ ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್.

ಸರಿ, ನಿಮ್ಮ ದೀಪ ಗಟ್ಟಿಯಾಗಿ ಉರಿಯುತ್ತಿದೆ ಅಂದುಕೊಳ್ಳಿ. ಆದರೂ ನೆಟ್ ಇಲ್ಲ. ಈಗ ನೋಡಬೇಕಾದದ್ದು ಒಂದು ಸಂಖ್ಯೆಯನ್ನು. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ನಿಮ್ಮ ಕಂಪ್ಯೂಟರಿನ ಐಪಿ ವಿಳಾಸ, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಇರುತ್ತದೆ. ಅದು 169.254 ಅಂತ ಶುರುವಾಗಿದ್ದರೆ ಹುಡುಕಾಟ ಅರ್ಧ ಮುಗಿದ ಹಾಗೆ.

ಕಂಪ್ಯೂಟರ್ ಜಾಲಕ್ಕೆ ಬಂದಾಗ ಅದಕ್ಕೆ ವಿಳಾಸ ಇರುವುದಿಲ್ಲ. 0.0.0.0 ಎಂಬ ಅನಾಮಿಕನಾಗಿ ಅದು 255.255.255.255ಕ್ಕೆ, ಅಂದರೆ ಕೇಳಿಸಿಕೊಳ್ಳುವವರಿಗೆಲ್ಲ, ಕೂಗುತ್ತದೆ: ವಿಳಾಸ ಕೊಡುವವರು ಯಾರಾದರೂ ಇದ್ದೀರಾ? ಸಾಮಾನ್ಯವಾಗಿ ರೂಟರ್ ಓಗೊಡುತ್ತದೆ: ತಗೋ, ಇದು ಖಾಲಿ ಇದೆ. ಸರಿ, ಅದನ್ನೇ ಕೊಡು ಅನ್ನುತ್ತದೆ ಕಂಪ್ಯೂಟರ್. ಆಯ್ತು, ಇಷ್ಟು ಹೊತ್ತು ನಿನ್ನದು ಅನ್ನುತ್ತದೆ ರೂಟರ್. ನಾಲ್ಕೇ ಮಾತು. ಕೂಗಿ ಕೂಗಿ ಯಾರೂ ಓಗೊಡದಿದ್ದರೆ ಕಂಪ್ಯೂಟರ್ ತಾನೇ 169.254ರ ಗುಂಪಿನಿಂದ ಒಂದನ್ನು ಕಣ್ಣುಮುಚ್ಚಿ ಆರಿಸಿಕೊಳ್ಳುತ್ತದೆ. ಇದು ಯಾರದ್ದಾದರೂ ಆಗಿದೆಯಾ ಅಂತ ಸುತ್ತ ಒಮ್ಮೆ ಕೇಳಿ, ಇಲ್ಲ ಅಂತಾದರೆ ಇಟ್ಟುಕೊಳ್ಳುತ್ತದೆ. ಆ ಗುಂಪಿನಲ್ಲಿ ಹೀಗೆ ಆರಿಸಿಕೊಳ್ಳಬಹುದಾದ ವಿಳಾಸಗಳು 65,024. ಎರಡು ಕಂಪ್ಯೂಟರುಗಳನ್ನು ನೇರ ಒಂದು ಕೇಬಲ್ಲಿನಿಂದ ಜೋಡಿಸಿದಾಗ ಈ ಸ್ವಂತ ವಿಳಾಸ ಉಪಯೋಗಕ್ಕೆ ಬರುತ್ತದೆ. ಆದರೆ ಅದನ್ನು ಹಿಡಿದು ಇಂಟರ್ನೆಟ್ಟಿಗೆ ಹೋಗಲಾಗದು. ಈ ಸಂಖ್ಯೆ ಕಂಡು 'ವೈರಸ್ ಬಂದಿದೆ' ಅಂತ ಇಡೀ ಕಂಪ್ಯೂಟರ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದವರನ್ನು ನಾನು ನೋಡಿದ್ದೇನೆ. ವಿಳಾಸ ಕೊಡುವವರು ಸಿಗಲಿಲ್ಲ, ಅಷ್ಟೇ ಅದರ ಅರ್ಥ. ರೂಟರಿನ ಬೇರೆ ಪೋರ್ಟಿಗೆ ಕೇಬಲ್ ಬದಲಿಸಿ ನೋಡಿ. ಇಂಥ ಹೊತ್ತಿನಲ್ಲಿ ರೂಟರನ್ನು ರೀಸ್ಟಾರ್ಟ್ ಮಾಡುವುದಕ್ಕೂ ನಿಜವಾಗಿ ಕಾರಣ ಇದೆ.

ಹೌದು, ರೀಸ್ಟಾರ್ಟ್ ಎಷ್ಟೋ ಸಲ ಕೆಲಸ ಮಾಡುತ್ತದೆ. ರೂಟರ್ ಕೂಡ ಒಂದು ಪುಟ್ಟ ಕಂಪ್ಯೂಟರ್. ಯಾರಿಗೆ ಯಾವ ವಿಳಾಸ ಕೊಟ್ಟೆ, ಯಾವ ಉತ್ತರ ಯಾರಿಗೆ ತಲುಪಿಸಬೇಕು ಎಂಬ ಪಟ್ಟಿಗಳು ಅದರ ನೆನಪಿನಲ್ಲಿರುತ್ತವೆ. ಆ ಪಟ್ಟಿ ಕೆಟ್ಟಿದ್ದರೆ, ಆಫ್ ಮಾಡಿದಾಗ ಅಳಿಸಿಹೋಗುತ್ತದೆ. ಆದರೆ ಮುರಿದ ತಂತಿ ರೀಸ್ಟಾರ್ಟಿಗೆ ಕೂಡಿಕೊಳ್ಳುತ್ತದಾ? ಮಂತ್ರಕ್ಕೆ ಮಾವಿನಕಾಯಿ ಉದುರುವುದಿಲ್ಲ. ನನ್ನ ತಕರಾರು ಇನ್ನೊಂದು: ರೀಸ್ಟಾರ್ಟ್ ಮಾಡಿದರೆ ತಪ್ಪು ಎಲ್ಲಿತ್ತು ಎಂಬ ಗುರುತೂ ಅಳಿಸಿಹೋಗುತ್ತದೆ. ಮೊದಲು ದೀಪ, ಆಮೇಲೆ ಸಂಖ್ಯೆ, ಆಮೇಲೆ ಬೇಕಾದರೆ ಸ್ವಿಚ್ಚು.

ವಿಳಾಸ ಸರಿಯಾಗಿಯೇ ಸಿಕ್ಕಿದೆ, ಆದರೂ ಯಾವ ತಾಣವೂ ತೆರೆಯುತ್ತಿಲ್ಲ ಎಂದಾದರೆ 'ಪಿಂಗ್' ಮಾಡಿ. ಒಂದು ವಿಳಾಸಕ್ಕೆ 'ಇದ್ದೀಯಾ?' ಅಂತ ಸಣ್ಣ ಸಂದೇಶ ಕಳಿಸಿ ಉತ್ತರಕ್ಕೆ ಕಾಯುವ ಇದು, 1983ರಲ್ಲಿ ಮೈಕ್ ಮೂಸ್ ಬರೆದ ಪುಟ್ಟ ಪ್ರೋಗ್ರಾಮ್. ಜಲಾಂತರ್ಗಾಮಿಯ ಸೋನಾರ್ ಮಾಡುವ ಸದ್ದಿನ ಹೆಸರನ್ನೇ ಅದಕ್ಕೆ ಇಟ್ಟರು. ಮೊದಲು ರೂಟರಿನ ವಿಳಾಸಕ್ಕೆ ಪಿಂಗ್. ಅದು ಉತ್ತರಿಸಿದರೆ ಹೊರಗಿನ 8.8.8.8ಕ್ಕೆ, ಅಂದರೆ ಗೂಗಲ್‌ನ ಒಂದು ಸರ್ವರಿನ ವಿಳಾಸಕ್ಕೆ. ರೂಟರ್ ಉತ್ತರಿಸಿ ಇದು ಉತ್ತರಿಸದಿದ್ದರೆ ತಪ್ಪು ಹೆಚ್ಚಾಗಿ ನಿಮ್ಮ ಕಂಪ್ಯೂಟರಿನಲ್ಲಿಲ್ಲ. ಎರಡೂ ಉತ್ತರಿಸಿ, ತಾಣದ ಹೆಸರಿಗೆ ಮಾತ್ರ ಉತ್ತರ ಇಲ್ಲದಿದ್ದರೆ ಹೆಸರನ್ನು ಸಂಖ್ಯೆಯಾಗಿ ಬದಲಿಸುವ ಡಿಎನ್ಎಸ್ ಕೈಕೊಟ್ಟಿದೆ. ಸೆಟ್ಟಿಂಗಿನಲ್ಲಿ ಡಿಎನ್ಎಸ್ ವಿಳಾಸ ಬದಲಿಸಿದರೆ ಮುಗಿಯಿತು.

ಫೋನಿನಲ್ಲಿ ನೆಟ್ ಬರ್ತಿದೆಯಲ್ಲ, ಹಾಗಾದರೆ ರೂಟರ್ ಸರಿ ಇದೆ ಅಂತ ತೀರ್ಮಾನಿಸುವವರಿಗೆ ಒಂದು ಮಾತು. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ವೈಫೈ ಮೇಲೆ ಮಾತ್ರ ನೋಡಿ. ನಾನು ಅರ್ಧ ಗಂಟೆ ಕಳೆದುಕೊಂಡದ್ದು ಇಲ್ಲೇ.

ಹೊಸ ಕೇಬಲ್ ಹಾಕಿ, ವೇಗವನ್ನು ಮತ್ತೆ ಮೊದಲಿನಂತೆ ಬಿಟ್ಟೆ. ದೀಪ ನಿಂತಿತು. ಹಳೆಯದನ್ನು ಎಸೆಯುವ ಮೊದಲು ಕುತೂಹಲ ತಡೆಯಲಾಗಲಿಲ್ಲ. ಕುರ್ಚಿಯ ಚಕ್ರ ದಿನಾ ಹಾದುಹೋಗುವ ಕಡೆ ಹೊರಗಿನ ಸಿಪ್ಪೆ ಒಂದಿಷ್ಟು ಚಪ್ಪಟೆಯಾಗಿತ್ತು, ಸೀಳಿರಲಿಲ್ಲ. ಬ್ಲೇಡಿನಿಂದ ಕೊಯ್ದು ನೋಡಿದೆ. ಕಿತ್ತಳೆ, ಹಸಿರು, ನೀಲಿ ಜೋಡಿಗಳು ಸರಿಯಾಗಿಯೇ ಇದ್ದವು. ಕಂದು ಜೋಡಿಯ ಒಂದು ತಂತಿ ಒಳಗೇ ಮುರಿದು, ಪ್ಲಾಸ್ಟಿಕ್ ಹೊದಿಕೆಯೊಂದೇ ಅದನ್ನು ಹಿಡಿದುಕೊಂಡಿತ್ತು. ಬೆರಳಲ್ಲಿ ಒತ್ತಿದರೆ ತುದಿಗಳು ತಾಗುತ್ತಿದ್ದವು, ಬಿಟ್ಟರೆ ದೂರವಾಗುತ್ತಿದ್ದವು.